ಗೋಸುಂಬೆ ಸಾಕೋರಿಗೆ: ರೆಪ್ಟಿಬ್ರೀಜ್ ಪಂಜರ, ಮಿಸ್ಟ್‌ಕಿಂಗ್ ಪಂಪು, ಮತ್ತೆ ಯಾವುದಕ್ಕೆ ದುಡ್ಡು ಹಾಕಬಾರದು

ಮೊದಲು ತೀರ್ಪು ಹೇಳಿಬಿಡುತ್ತೇನೆ. ಬಲೆಯ ಪಂಜರ ತಗೊಳ್ಳಿ, ಸೆಕೆಂಡ್ ಲೆಕ್ಕದಲ್ಲಿ ಓಡುವ ಮಿಸ್ಟಿಂಗ್ ಪಂಪು, ಅಂದರೆ ನೀರನ್ನು ತುಂತುರಾಗಿ ಸಿಂಪಡಿಸುವ ಪಂಪು ತಗೊಳ್ಳಿ, ನಂಬಿಕೆಗೆ ಯೋಗ್ಯವಾದ ತೇವಾಂಶ ಮಾಪಕ ತಗೊಳ್ಳಿ. ಎಲ್ಲವನ್ನೂ ಒಂದೇ ಡಬ್ಬದಲ್ಲಿ ತುಂಬಿ ಮಾರುವ ಕಿಟ್ ಮಾತ್ರ ಬೇಡವೇ ಬೇಡ. ಯಾಕೆ ಅಂತ ಕೆಳಗೆ ಉದ್ದಕ್ಕೆ ಬರೆದಿದ್ದೇನೆ. ಅಮೆರಿಕದಲ್ಲಿರುವ ಕನ್ನಡದ ಮನೆಗಳಲ್ಲಿ ಮಕ್ಕಳು ಗೋಸುಂಬೆ ಬೇಕು ಅಂತ ಹಟ ಹಿಡಿಯುವುದು ಜಾಸ್ತಿಯಾಗಿದೆ, ನನ್ನನ್ನೇ ಎಷ್ಟೋ ಜನ ಕೇಳಿದ್ದಾರೆ.

ನಾವಿರುವುದು ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿ. ಮನೆಯಲ್ಲಿರುವುದು ಗಂಡು ವೇಲ್ಡ್ ಗೋಸುಂಬೆ, ಮಗಳು ಇಟ್ಟ ಹೆಸರು ಪಚ್ಚೆ. ಈ ಜಾತಿ ಯೆಮೆನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಭಾಗದ್ದು. ತಲೆಯ ಮೇಲೆ ಕಿರೀಟದಂತೆ ಎದ್ದು ನಿಂತ ಮೂಳೆ, ಮೈಮೇಲೆ ಹಸಿರು ಹಳದಿ ಪಟ್ಟೆ, ಬಾಲ ಸೇರಿಸಿದರೆ ಗಂಡು ಒಂದೂವರೆಯಿಂದ ಎರಡು ಅಡಿ ಬೆಳೆಯುತ್ತದೆ. ಸಾಕಣೆಯಲ್ಲೇ ಹುಟ್ಟಿದ ಮರಿಗಳು ಸಲೀಸಾಗಿ ಸಿಗುವುದರಿಂದ ಇಲ್ಲಿ ಹೆಚ್ಚು ಜನ ಸಾಕುವುದು ಇದನ್ನೇ. ಕಾಡಿನಿಂದ ಹಿಡಿದು ತಂದದ್ದನ್ನು ಕೊಳ್ಳಬೇಡಿ, ಅದಕ್ಕೆ ಹೊಟ್ಟೆಹುಳದ ಕಾಟವೂ ಹೆಚ್ಚು, ದಾರಿಯಲ್ಲೇ ಅರ್ಧ ಜೀವ ಹೋಗಿರುತ್ತದೆ.

ಕಿಟ್ ವಿಷಯ. ಇಲ್ಲಿನ ಒಂದು ಸಾಕುಪ್ರಾಣಿ ಅಂಗಡಿಯಲ್ಲಿ ಮರಿ ತೋರಿಸಿದ ಬೆನ್ನಿಗೇ ಒಂದು ದೊಡ್ಡ ಡಬ್ಬ ತಂದಿಟ್ಟರು. ಅದರಲ್ಲಿ ಸೊಂಟದೆತ್ತರಕ್ಕೂ ಬಾರದ ಪಂಜರ, ಸುರುಳಿ ಆಕಾರದ ಯುವಿ (ನೇರಳಾತೀತ ಕಿರಣದ) ಬಲ್ಬು, ಮುಳ್ಳು ತಿರುಗುವ ತೇವಾಂಶ ಮಾಪಕ, ಪ್ಲಾಸ್ಟಿಕ್ ಬಳ್ಳಿ, ಕೈಯಲ್ಲಿ ಒತ್ತುವ ಸ್ಪ್ರೇ ಬಾಟಲಿ. "ದಿನಕ್ಕೆರಡು ಸಲ ಸ್ಪ್ರೇ ಮಾಡಿ, ಇಪ್ಪತ್ನಾಲ್ಕು ಗಂಟೆಯೂ ಅರವತ್ತು ಪರ್ಸೆಂಟ್ ತೇವಾಂಶ ಇರಲಿ, ಸಾಕು" ಅಂದರು. ನಾವು ಅದನ್ನು ಅಲ್ಲೇ ಬಿಟ್ಟು ಬಂದೆವು. ಆ ಮಾರಾಟದ ಹುಡುಗನ ಮೇಲೆ ನನಗೆ ಕೋಪ ಇಲ್ಲ, ಅವನಿಗೆ ಹೇಳಿಕೊಟ್ಟದ್ದನ್ನು ಅವನು ಹೇಳಿದ. ಆದರೆ ಆ ಸಲಹೆ ಕೇಳಿ ಮನೆಗೆ ಹೋದವರ ಗೋಸುಂಬೆಗಳ ಗತಿ ಏನಾಗುತ್ತದೆ ಅಂತ ನೆನೆದರೆ ಸಂಕಟವಾಗುತ್ತದೆ.

ಇಪ್ಪತ್ನಾಲ್ಕು ಗಂಟೆಯೂ ಒಂದೇ ತೇವಾಂಶ ಅನ್ನುವ ಲೆಕ್ಕವೇ ತಪ್ಪು. ಯೆಮೆನ್‌ನ ಬೆಟ್ಟ ಕಣಿವೆಗಳಲ್ಲಿ ಹಗಲು ಬಿಸಿಲು, ಗಾಳಿ ಒಣಗಿರುತ್ತದೆ. ರಾತ್ರಿ ತಂಪಾಗುತ್ತದೆ, ಗಾಳಿಯಲ್ಲಿ ತೇವ ಏರುತ್ತದೆ, ಬೆಳಗಿನ ಜಾವಕ್ಕೆ ಎಲೆಗಳ ಮೇಲೆ ಇಬ್ಬನಿ ಕೂತಿರುತ್ತದೆ. ಗೋಸುಂಬೆ ರಾತ್ರಿಯೆಲ್ಲ ಆ ತಣ್ಣನೆ ಮಂಜಿನ ಗಾಳಿಯನ್ನು ಉಸಿರಾಡಿ ಮೈಯೊಳಗಿನ ನೀರು ಉಳಿಸಿಕೊಳ್ಳುತ್ತದೆ, ಬೆಳಿಗ್ಗೆ ಎಲೆಯ ಮೇಲಿನ ಹನಿ ನೆಕ್ಕುತ್ತದೆ, ಆಮೇಲೆ ಬಿಸಿಲಿಗೆ ಮೈಯೊಡ್ಡಿ ಒಣಗಿಸಿಕೊಳ್ಳುತ್ತದೆ. ಗೋಸುಂಬೆಗಳನ್ನು ಅವುಗಳ ಊರಿನಲ್ಲೇ ನೋಡುತ್ತಾ ಬಂದಿರುವ ಜೆಕ್ ತಜ್ಞ ಪೆಟ್ರ್ ನೆಚಾಸ್ ಈ ಮಂಜಿನ ಮಾತನ್ನು ಒತ್ತಿ ಹೇಳಿದವರು. ಅಮೆರಿಕದ ಸಾಕಣೆಗಾರರಿಗೆ ಅದನ್ನು ಗಂಟೆ, ಡಿಗ್ರಿ, ಪರ್ಸೆಂಟ್ ಲೆಕ್ಕದಲ್ಲಿ ಬಿಡಿಸಿ ಹೇಳಿದವರಲ್ಲಿ ಬಿಲ್ ಸ್ಟ್ರ್ಯಾಂಡ್ ಮುಖ್ಯ. ನಾವು ಪಾಲಿಸುವುದು ಇದನ್ನೇ: ವೇಲ್ಡ್ ಗೋಸುಂಬೆಗೆ ಹಗಲು 30ರಿಂದ 50 ಪರ್ಸೆಂಟ್, ರಾತ್ರಿ 80ರ ಮೇಲೆ, ಮತ್ತು ಆ ರಾತ್ರಿ ತೇವಕ್ಕೆ ಜೊತೆಯಾಗಿ ತಂಪು, ಅಂದರೆ 20 ಡಿಗ್ರಿ ಸೆಲ್ಸಿಯಸ್ ಒಳಗೆ. ಮಡಗಾಸ್ಕರ್‌ನ ಪ್ಯಾಂಥರ್ ಗೋಸುಂಬೆಯಾದರೆ ಹಗಲಿನ ಅಂಕಿ ಸ್ವಲ್ಪ ಜಾಸ್ತಿ ಇರಬೇಕು.

ತಂಪು ಇಲ್ಲದೆ ಬರೀ ತೇವ ಮಾಡಿದರೆ ಕೇಡು. ದೀಪದ ಬಿಸಿ, ಒದ್ದೆ, ಆಡದ ಗಾಳಿ ಮೂರೂ ಸೇರಿದರೆ ಬೂಷ್ಟು, ಬ್ಯಾಕ್ಟೀರಿಯಾ ಎರಡಕ್ಕೂ ಹಬ್ಬ, ಗೋಸುಂಬೆಗೆ ಶ್ವಾಸದ ಸೋಂಕು. ಬಾಯಿ ತೆರೆದು ಉಸಿರಾಡುವುದು, ಮೂತಿ ಮೇಲೆತ್ತಿಕೊಂಡೇ ಕೂರುವುದು, ಉಸಿರಿನಲ್ಲಿ ಚಿಟಪಟ ಸದ್ದು, ಇವು ಕಂಡರೆ ಡಾಕ್ಟರ ಹತ್ತಿರ ಓಡಬೇಕು. ಅದಕ್ಕೇ ನಾನು ಯಾವ ಸಾಮಾನು ನೋಡಿದರೂ ಕೇಳುವುದು ಒಂದೇ ಪ್ರಶ್ನೆ: ಇದು ರಾತ್ರಿ ಒದ್ದೆ ಮಾಡಿ ಹಗಲು ಒಣಗಲು ಬಿಡುತ್ತದೆಯಾ?

ಪಂಜರದಿಂದ ಶುರು ಮಾಡೋಣ. ನಮ್ಮದು ಜೂ ಮೆಡ್ ಕಂಪನಿಯ ರೆಪ್ಟಿಬ್ರೀಜ್, ಅತಿ ದೊಡ್ಡ ಅಳತೆ, 24 ಇಂಚು ಅಗಲ, 24 ಇಂಚು ಆಳ, 48 ಇಂಚು ಎತ್ತರ. ಬೆಳೆದ ವೇಲ್ಡ್‌ಗೆ ಇದಕ್ಕಿಂತ ಚಿಕ್ಕದು ತರಬೇಡಿ. ಕಪ್ಪು ಅಲ್ಯುಮಿನಿಯಂ ಚೌಕಟ್ಟು, ಸುತ್ತ ಅಲ್ಯುಮಿನಿಯಂ ಬಲೆ, ಮುಂದೆ ದೊಡ್ಡ ಬಾಗಿಲು, ಕೆಳಗೆ ಕಸ ತೆಗೆಯಲು ಸಣ್ಣ ಬಾಗಿಲು. ಬಿಡಿ ಭಾಗಗಳಾಗಿ ಬರುತ್ತದೆ, ಸ್ಕ್ರೂ ಡ್ರೈವರ್ ಹಿಡಿದು ಕೂತರೆ ಒಂದು ಸಂಜೆಯ ಕೆಲಸ. ಹಗುರ, ಒಬ್ಬರೇ ಎತ್ತಿ ಬಚ್ಚಲಿಗೆ ಒಯ್ದು ತೊಳೆಯಬಹುದು. ಗಾಳಿ ಚೆನ್ನಾಗಿ ಆಡುತ್ತದೆ. ಹಗಲು ಒಣಗಬೇಕು ಅನ್ನುವ ಅರ್ಧ ಪಾಠವನ್ನು ಪಂಜರವೇ ಮಾಡಿ ಮುಗಿಸುತ್ತದೆ, ನಿಮ್ಮದೇನೂ ಕೆಲಸ ಇಲ್ಲ.

ಉಳಿದರ್ಧಕ್ಕೆ ಮಾತ್ರ ನೀವು ಕೈ ಹಾಕಬೇಕು. ಬಲೆ ಅಂದಮೇಲೆ ಬಂದ ತೇವ ಬಂದ ಹಾಗೇ ಹೋಗುತ್ತದೆ, ಅಲ್ವಾ. ಇಲ್ಲಿ ಚಳಿಗಾಲದಲ್ಲಿ ಹೊರಗೆ ಸೊನ್ನೆಗಿಂತ ಕೆಳಗೆ, ಒಳಗೆ ಹೀಟರ್ ಓಡುತ್ತಿರುತ್ತದೆ, ಮನೆಯೊಳಗಿನ ತೇವಾಂಶ 20-25ಕ್ಕೆ ಇಳಿದುಬಿಡುತ್ತದೆ. ನಮ್ಮ ತುಟಿಯೇ ಒಡೆಯುವಾಗ ಗೋಸುಂಬೆಯ ಪಾಡು ಏನು? ಅದಕ್ಕೆ ನಾವು ನವೆಂಬರ್‌ನಿಂದ ಹಿಂಬದಿಗೂ ಎರಡು ಪಕ್ಕಕ್ಕೂ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕಟ್ಟುತ್ತೇವೆ. ಬಚ್ಚಲು ಪರದೆಯ ಒಳಪದರ ಅಂತ ಮಾರುವ ಅಗ್ಗದ ಹಾಳೆಯೇ ಸಾಕು. ಮುಂಭಾಗ ಮತ್ತು ಮೇಲ್ಭಾಗ ತೆರೆದೇ ಇರಬೇಕು. ದೀಪದ ಬಿಸಿಗೆ ಗಾಳಿ ಮೇಲಕ್ಕೆ ಹೋಗುತ್ತದೆ, ಅದರ ಜಾಗಕ್ಕೆ ಮುಂದಿನಿಂದ ಹೊಸ ಗಾಳಿ ಬರುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಗೋಸುಂಬೆ ಸತ್ತೇ ಹೋಗುತ್ತದೆ ಅಂತ ಕೆಲವರು ಹೆದರಿಸುತ್ತಾರೆ, ಅದು ಸರಿಯಲ್ಲ. ಮುಂದೆ ಕೆಳಗಡೆ ಗಾಳಿಕಿಂಡಿ, ಮೇಲೆ ಬಲೆ ಇದ್ದರೆ ಗಾಜಿನಲ್ಲೂ ಇದೇ ರೀತಿ ಗಾಳಿ ಆಡುತ್ತದೆ. ಯುರೋಪಿನಲ್ಲಿ ಎಷ್ಟೋ ಜನ ಗಾಜಿನಲ್ಲೇ ಸಾಕುತ್ತಾರೆ. ಅರಿಜೋನಾದಂಥ ಒಣ ಊರಿನಲ್ಲಿದ್ದರೆ ನಾನೂ ಗಾಜನ್ನೇ ಯೋಚಿಸುತ್ತಿದ್ದೆ.

ಎರಡನೆಯ ಮಾತು, ತೂಕ. ತೆಳು ಬಲೆಗೆ ಮಣ್ಣಿನ ಕುಂಡ ನೇತುಹಾಕಬೇಡಿ. ನಾವು ಮರದ ಕೋಲುಗಳನ್ನು ಅಡ್ಡಡ್ಡ ಇಟ್ಟು, ಹೊರಗಿನಿಂದ ಸ್ಕ್ರೂ ಮತ್ತು ಅಗಲ ವಾಷರ್ ಹಾಕಿ ಬಿಗಿದಿದ್ದೇವೆ. ಭಾರದ ಕುಂಡಗಳು ನೆಲದ ಮೇಲೆ. ಕೈಯಲ್ಲಿ ದುಡ್ಡು ಇನ್ನೂ ಸ್ವಲ್ಪ ಇದೆ ಅಂದರೆ ಡ್ರ್ಯಾಗನ್ ಸ್ಟ್ರ್ಯಾಂಡ್ ಕಂಪನಿಯ ಪಂಜರ ನೋಡಿ. ಒಳಗೋಡೆಯಲ್ಲೇ ಗಿಡ, ಕೊಂಬೆ ಕಟ್ಟಲು ಗಟ್ಟಿ ಪಟ್ಟಿಗಳಿರುತ್ತವೆ, ಈ ಸರ್ಕಸ್ಸೇ ಬೇಕಿಲ್ಲ.

ಮೂರನೆಯದು ನೀರು. ಮೇಲಿಂದ ಸುರಿದದ್ದು ಕೆಳಗೆ ಬರಲೇಬೇಕು. ಅದಕ್ಕೆ ದಾರಿ ಮಾಡುವ ಕೆಲಸ ಕೊಂಡವರದ್ದೇ, ತಳದ ಟ್ರೇ ಕೂಡ ಬೇರೆಯಾಗಿಯೇ ಮಾರುತ್ತಾರೆ. ನಮ್ಮ ಮನೆಯದು ಮರದ ನೆಲ, ಒಂದು ಸಲ ಉಬ್ಬಿದರೆ ಮುಗೀತು. ತಳದ ಹಲಗೆಯಲ್ಲಿ ತೂತುಗಳು, ಕೆಳಗೆ ಅಗಲದ ಟ್ರೇ, ಟ್ರೇಯ ಒಂದು ಬದಿ ಸ್ವಲ್ಪ ಎತ್ತರ, ತಗ್ಗಿನ ಕಡೆಯಿಂದ ಪೈಪು, ಪೈಪಿನ ತುದಿಗೆ ಬಕೆಟ್. ಪಂಜರದ ತಳದಲ್ಲಿ ತೊಗಟೆ, ನಾರು ಏನೂ ಹಾಕಿಲ್ಲ. ಒದ್ದೆ ತೊಗಟೆಯಲ್ಲಿ ಹುಳ ಅಡಗುತ್ತದೆ, ಬೂಷ್ಟು ಹಿಡಿಯುತ್ತದೆ, ಬೇಟೆಗೆ ನಾಲಿಗೆ ಚಾಚಿದಾಗ ಚೂರು ಹೊಟ್ಟೆಗೂ ಹೋಗಬಹುದು.

ಪಂಜರ ಎಲ್ಲಿಡುತ್ತೀರಿ ಅನ್ನುವುದೂ ಮುಖ್ಯ. ಹೀಟರ್ ಗಾಳಿ ಬರುವ ಕಿಂಡಿಯ ಹತ್ತಿರ ಇಡಬೇಡಿ, ಎಷ್ಟು ಮಂಜು ಬಿಟ್ಟರೂ ಒಣಗಿಸಿಬಿಡುತ್ತದೆ. ಎತ್ತರಕ್ಕೆ ಇಡಿ. ನಮ್ಮ ಪಚ್ಚೆ ಕೂರುವ ಕೊಂಬೆ ನನ್ನ ಕಣ್ಣಿಗಿಂತ ಮೇಲೆ ಇದೆ. ಗೋಸುಂಬೆಗೆ ಮೇಲಿನಿಂದ ಬರುವುದೆಲ್ಲ ಹದ್ದು. ತಾನು ಎತ್ತರದಲ್ಲಿದ್ದೇನೆ, ಎಲೆ ಮರೆಯಿದೆ ಅಂತ ಅದಕ್ಕೆ ಗೊತ್ತಾದರೆ ನಮ್ಮ ಓಡಾಟಕ್ಕೆ ಬೆದರುವುದಿಲ್ಲ.

ಈಗ ನಾನು ಮನಸಾರೆ ಹೊಗಳುವ ಸಾಮಾನು. ಮಿಸ್ಟ್‌ಕಿಂಗ್ ಕೆನಡಾದ ಕಂಪನಿಯದು. ಸ್ಟಾರ್ಟರ್ ಸೆಟ್‌ನಲ್ಲಿ ಡಯಾಫ್ರಮ್ ಪಂಪು (ಒಳಗಿನ ಪೊರೆ ಆಡಿ ನೀರು ತಳ್ಳುವಂಥದ್ದು), ಸೆಕೆಂಡ್ ಲೆಕ್ಕದ ಟೈಮರ್, ಕಾಲು ಇಂಚಿನ ಪೈಪು, ತುಂತುರು ಬಿಡುವ ನಾಜಲ್, ಒತ್ತಿದರೆ ಕೂರುವ ಜೋಡಣೆಗಳು ಬರುತ್ತವೆ. ನೀರಿನ ಬಕೆಟ್ ಬರುವುದಿಲ್ಲ. ಮುಚ್ಚಳ ಇರುವ ಐದು ಗ್ಯಾಲನ್ ಬಕೆಟ್ ತಂದು ತೂತು ಕೊರೆದು ಜೋಡಿಸಿಕೊಳ್ಳಬೇಕು. ಬೆಲೆ ನೂರು ಡಾಲರ್ ದಾಟುತ್ತದೆ, ಸ್ಪ್ರೇ ಬಾಟಲಿ ಎದುರಿಗಿಟ್ಟು ನೋಡಿದರೆ ಎದೆ ಧಸಕ್ ಅನ್ನುತ್ತದೆ ನಿಜ. ಆದರೂ ಮೊದಲ ದಿನವೇ ಕೊಳ್ಳಬೇಕಾದ್ದು ಇದು ಅಂತ ನಾನು ಹೇಳುತ್ತೇನೆ.

ಯಾಕೆಂದರೆ ಮೊದಲನೆಯದು ಆ ಟೈಮರ್. ಸಾಮಾನ್ಯ ಟೈಮರ್‌ಗಳು ಹದಿನೈದು ನಿಮಿಷದ ಲೆಕ್ಕದವು, ಅಷ್ಟು ಹೊತ್ತು ಮಿಸ್ಟ್ ಬಿಟ್ಟರೆ ಕೋಣೆಯೇ ಕೆರೆ. ಇದರಲ್ಲಿ ನಲವತ್ತು ಸೆಕೆಂಡ್ ಅಂದರೆ ನಲವತ್ತೇ ಸೆಕೆಂಡ್. ಎರಡನೆಯದು ಹನಿ. ಅಗ್ಗದ ಪಂಪುಗಳಲ್ಲಿ ಒತ್ತಡ ಸಾಲದೆ ನೀರು ಪಿಚಕಾರಿ ಥರ ಚಿಮ್ಮುತ್ತದೆ. ಇದರದ್ದು ನಯವಾದ ತುಂತುರು. ಮೂರನೆಯದು, ಬಕೆಟ್ ಖಾಲಿಯಾಗಿ ಪಂಪು ಒಣಗಿ ಓಡಿದರೂ ಸುಟ್ಟುಹೋಗುವುದಿಲ್ಲ. ಈ ಡಯಾಫ್ರಮ್ ಪಂಪಿನ ಗುಣವೇ ಅದು.

ನಮ್ಮ ಟೈಮರ್ ಹೀಗಿದೆ. ದೀಪ ಆರಿದ ಮೇಲೆ ಒಂದು ಸಲ ಎರಡು ನಿಮಿಷ. ಬೆಳಿಗ್ಗೆ ದೀಪ ಹತ್ತುವ ಮುಂಚೆ ಇನ್ನೊಂದು ಸಲ ಎರಡು ನಿಮಿಷ. ಹಗಲು ಮಿಸ್ಟಿಂಗ್ ಇಲ್ಲ. ಬೇಸಿಗೆಯ ಮಧ್ಯಾಹ್ನ ಒಂದು ಹದಿನೈದು ನಿಮಿಷ ಹನಿ ಹನಿ ಬೀಳುವ ಡ್ರಿಪ್ಪರ್ ಇಡುತ್ತೇವೆ, ಬೇಕಾದರೆ ಕುಡಿಯುತ್ತದೆ.

ಬೆಳಗಿನ ಆ ಎರಡು ನಿಮಿಷ ಕೂತು ನೋಡಿ. ಪಂಪು ಗುರ್ ಅನ್ನುತ್ತದೆ, ನಾಜಲ್ ಮೊದಲು ಒಂದು ಸಲ ಉಗಿದಂತೆ ಮಾಡಿ ಆಮೇಲೆ ಹೊಗೆಯಂತೆ ಹರಡುತ್ತದೆ. ಮನಿ ಪ್ಲಾಂಟಿನ ಎಲೆಗಳ ಮೇಲೆ ಸೂಜಿಮೊನೆ ಹನಿಗಳು ಕೂರುತ್ತವೆ, ಒಂದಕ್ಕೊಂದು ಸೇರಿ ಎಲೆಯ ನಡುನರದಲ್ಲಿ ಜಾರಿ ತುದಿಗೆ ಬಂದು ತೂಗುತ್ತವೆ. ಪಚ್ಚೆ ಮೊದಲು ಕಣ್ಣು ಮುಚ್ಚಿ ರೆಪ್ಪೆಯೊಳಗೇ ಗುಡ್ಡೆ ತಿರುಗಿಸುತ್ತದೆ, ಅದು ಕಣ್ಣು ತೊಳೆದುಕೊಳ್ಳುವ ರೀತಿ. ಆಮೇಲೆ ಒಂದು ಕಣ್ಣು ನನ್ನ ಕಡೆ, ಇನ್ನೊಂದು ಆ ಹನಿಯ ಕಡೆ. ಮೂತಿ ಮುಂದೆ ತಂದು ಎಲೆಯ ತುದಿಯನ್ನೇ ಬಾಯಿಗಿಟ್ಟು ನಿಧಾನಕ್ಕೆ ಜಗಿದಂತೆ ಮಾಡುತ್ತದೆ, ಗಂಟಲಿನ ಚೀಲ ಕೆಳಗೆ ಮೇಲೆ ಆಡುತ್ತದೆ. ಬಟ್ಟಲಿನಲ್ಲಿ ನೀರಿಟ್ಟರೆ ಇದು ಅತ್ತ ತಿರುಗಿಯೂ ನೋಡುವುದಿಲ್ಲ. ನಿಂತ ನೀರು ಇದರ ಕಣ್ಣಿಗೆ ನೀರೇ ಅಲ್ಲ, ಹೊಳೆಯುವ, ಅಲುಗುವ ಹನಿ ಬೇಕು.

ಜೋಡಿಸುವಾಗ ಕೆಲವು ಮಾತು ನೆನಪಿರಲಿ. ಬಕೆಟ್ ಯಾವಾಗಲೂ ನಾಜಲ್‌ಗಿಂತ ಕೆಳಗಿರಲಿ, ಮೇಲಿಟ್ಟರೆ ಪಂಪು ನಿಂತ ಮೇಲೂ ನೀರು ತಾನಾಗಿ ಇಳಿಯುತ್ತಲೇ ಇರಬಹುದು. ನಾಜಲ್ ಮುಖ ಗಿಡದ ಕಡೆ ಮತ್ತು ಪಂಜರದ ಒಳಮೂಲೆಯ ಕಡೆ ಇರಲಿ, ಬಿಸಿ ದೀಪದ ಕಡೆ ಬೇಡ. ಬಿಸಿ ಬಲ್ಬಿಗೆ ತಣ್ಣೀರು ಬಿದ್ದರೆ ಒಡೆಯಬಹುದು. ನಲ್ಲಿ ನೀರಿನ ಸುಣ್ಣಕ್ಕೆ ನಾಜಲ್‌ನ ಕಣ್ಣು ಕಟ್ಟುತ್ತದೆ, ಎಲೆ ಮೇಲೂ ಬಿಳಿ ಕಲೆ ಉಳಿಯುತ್ತದೆ. ನಾವು ದಿನಸಿ ಅಂಗಡಿಯ ಮೆಷಿನ್‌ನಲ್ಲಿ ತುಂಬಿಸಿಕೊಳ್ಳುವ ಆರ್‌ಓ ನೀರು ಹಾಕುತ್ತೇವೆ, ನಾಜಲ್‌ಗಳನ್ನು ಆಗಾಗ ಬಿಚ್ಚಿ ವಿನೆಗರ್‌ನಲ್ಲಿ ನೆನೆಸುತ್ತೇವೆ.

ರಾತ್ರಿಯ ಮಂಜಿಗೆ ಫಾಗರ್, ಅಂದರೆ ಮಂಜು ಎಬ್ಬಿಸುವ ಯಂತ್ರ, ಬೇರೆ ಬೇಕು. ಇದರಲ್ಲಿ ಬ್ರ್ಯಾಂಡ್ ಅಷ್ಟೇನೂ ಮುಖ್ಯವಲ್ಲ. ತಣ್ಣನೆ ಮಂಜು ಬಿಡುವ ಅಲ್ಟ್ರಾಸೋನಿಕ್ ಆಗಿರಬೇಕು, ಬಿಸಿ ಆವಿ ಬಿಡುವುದು ಆಗದು. ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಬಿಟ್ಟು ಬಿಟ್ಟು ಓಡಲಿ. ನಾವು ಚಳಿಗಾಲದಲ್ಲಿ ರಾತ್ರಿ ಮನೆಯನ್ನೇ 18 ಡಿಗ್ರಿಗೆ ಇಳಿಸುತ್ತೇವೆ, ಹೊದ್ದು ಮಲಗುತ್ತೇವೆ, ಪಚ್ಚೆಗೆ ಅದು ಹಿತ. ಬೇಸಿಗೆಯಲ್ಲಿ ಎಸಿ ಹಾಕಿದರೂ ಕೋಣೆ ತಂಪಾಗದ ರಾತ್ರಿ ಫಾಗರ್ ಹಚ್ಚುವುದಿಲ್ಲ. ಇನ್ನು ಇದನ್ನು ವಾರಕ್ಕೊಮ್ಮೆಯಾದರೂ ತೊಳೆದು ಒಣಗಿಸಲೇಬೇಕು. ನೀರಿನಲ್ಲಿ ಏನಿದೆಯೋ ಅದನ್ನೇ ಈ ಯಂತ್ರ ಗಾಳಿಗೆ ಎಬ್ಬಿಸಿ ಗೋಸುಂಬೆಯ ಶ್ವಾಸಕೋಶಕ್ಕೆ ಕಳಿಸುತ್ತದೆ. ತೊಳೆಯುವ ವ್ಯವಧಾನ ಇಲ್ಲ ಅನ್ನುವವರು ಫಾಗರ್ ಕೊಳ್ಳುವುದೇ ಬೇಡ, ರಾತ್ರಿ ಮಿಸ್ಟಿಂಗ್ ಒಂದೆರಡು ಸಲ ಹೆಚ್ಚಿಸಿ.

ಅಳೆಯದೆ ಇದೆಲ್ಲ ಸುಮ್ನೆ ಅಂದಾಜು. ಮುಳ್ಳಿನ ಮಾಪಕ ನಂಬಬೇಡಿ. ನಾವು ಗೋವೀ ಕಂಪನಿಯ ಬ್ಲೂಟೂತ್ ಮಾಪಕ ಎರಡು ಇಟ್ಟಿದ್ದೇವೆ, ಒಂದು ಮೇಲಿನ ಕೊಂಬೆಯ ಹತ್ತಿರ, ಒಂದು ಕೆಳಗೆ ಎಲೆಗಳ ನಡುವೆ, ಎರಡೂ ನೇರ ನೀರು ಬೀಳದ ಜಾಗದಲ್ಲಿ. ಬೆಲೆ ಕಡಿಮೆ, ಫೋನಿನಲ್ಲಿ ಇಡೀ ರಾತ್ರಿಯ ಗೆರೆ ಕಾಣುತ್ತದೆ. ನಿದ್ದೆ ಮಾಡುವಾಗ ಪಂಜರದಲ್ಲಿ ಏನಾಯಿತು ಅಂತ ಬೇರೆ ಹೇಗೆ ಗೊತ್ತಾಗಬೇಕು? ಮಾಪಕ ಸರಿಯಿದೆಯಾ ನೋಡಲು ಅಡುಗೆಮನೆಯ ಉಪ್ಪು ಸಾಕು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಕೆಸರಾಗುವಷ್ಟು ಮಾತ್ರ ನೀರು ಬೆರೆಸಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದು ರಾತ್ರಿ ಬಿಡಿ. ಒಳಗೆ ತೇವಾಂಶ 75 ಪರ್ಸೆಂಟ್‌ಗೆ ಬಂದು ನಿಲ್ಲುತ್ತದೆ. ಮಾಪಕ ಎಷ್ಟು ಹೆಚ್ಚು ಕಡಿಮೆ ತೋರಿಸುತ್ತದೋ ಅಷ್ಟನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಯಂತ್ರಕ್ಕಿಂತ ದೊಡ್ಡ ಸಾಕ್ಷಿ ಹಿಕ್ಕೆ. ಕಂದು ಭಾಗದ ಪಕ್ಕ ಇರುವ ಬಿಳಿ ಗಟ್ಟಿ ಅದರ ಮೂತ್ರ. ಪೂರ್ತಿ ಬಿಳಿ, ಅಥವಾ ತುದಿಗೆ ಸ್ವಲ್ಪವೇ ಹಳದಿ ಇದ್ದರೆ ನೀರು ಸಾಕಾಗಿದೆ. ಕಿತ್ತಳೆ ಬಣ್ಣವಿದ್ದು ಮರಳಿನಂತೆ ಪುಡಿಯಾದರೆ ಒಣಗುತ್ತಿದೆ ಅಂತ ಅರ್ಥ. ಕಣ್ಣು ಒಳಗೆ ಇಳಿದರೆ ಕಾಯಬೇಡಿ. ಎಲ್ಲ ಡಾಕ್ಟರೂ ಇವನ್ನು ನೋಡುವುದಿಲ್ಲ, ಸರೀಸೃಪ ನೋಡುವವರು ಯಾರು ಅಂತ ಪ್ರಾಣಿ ತರುವ ಮುಂಚೆಯೇ ವಿಚಾರಿಸಿಡಿ.

ದೀಪದ ಬಗ್ಗೆ ಚಿಕ್ಕದಾಗಿ: ಯುವಿಗೆ ಸುರುಳಿ ಬಲ್ಬು ಬೇಡ, ಟಿ5 ಅನ್ನುವ ಉದ್ದದ ತೆಳು ಕೊಳವೆ ದೀಪ ಬೇಕು, ಆರ್ಕೇಡಿಯಾ ಕಂಪನಿಯ 6 ಪರ್ಸೆಂಟ್ ಅಥವಾ ಜೂ ಮೆಡ್‌ನ ರೆಪ್ಟಿಸನ್ 5.0. ಪಂಜರದ ಬಲೆಯೇ ಯುವಿಯ ಒಂದು ಪಾಲನ್ನು ತಡೆಯುತ್ತದೆ, ಅದಕ್ಕೆ ತಕ್ಕಂತೆ ಕೊಂಬೆಯ ಎತ್ತರ ಇರಲಿ. ಗಂಡಿಗೆ ಬಿಸಿಲು ಕಾಯುವ ಜಾಗ 29-30 ಡಿಗ್ರಿ ಸಾಕು. ಹೆಣ್ಣಾದರೆ ಇನ್ನೂ ಕಡಿಮೆ, ಮತ್ತು ಗಂಡಿನ ಜೊತೆ ಸೇರದೆಯೂ ಮೊಟ್ಟೆ ಇಡುವುದರಿಂದ, ಅಗೆಯಲು ಒಂದಡಿ ಆಳದ ಒದ್ದೆ ಮರಳಿನ ತೊಟ್ಟಿ ಪಂಜರದಲ್ಲೇ ಇರಬೇಕು. ಮೊಟ್ಟೆ ಒಳಗೇ ಸಿಕ್ಕಿಕೊಂಡು ಸಾಯುವ ಹೆಣ್ಣುಗಳಿವೆ.

ಗಿಡಗಳಿಗೆ ಪ್ಲಾಸ್ಟಿಕ್ ಬೇಡ. ವೇಲ್ಡ್ ಗೋಸುಂಬೆ ಎಲೆಯನ್ನೂ ತಿನ್ನುತ್ತದೆ, ಪ್ಲಾಸ್ಟಿಕ್ ಎಲೆಗೂ ಬಾಯಿ ಹಾಕುತ್ತದೆ. ಜೀವಂತ ಗಿಡವಾದರೆ ಅದೇ ತೇವ ಹಿಡಿದಿಡುತ್ತದೆ, ಮರೆ ಕೊಡುತ್ತದೆ. ಮನಿ ಪ್ಲಾಂಟ್, ಅಂಬ್ರೆಲಾ ಗಿಡ, ದಾಸವಾಳ ಮೂರೂ ಚೆನ್ನಾಗಿವೆ. ನಮ್ಮ ದಾಸವಾಳದಲ್ಲಿ ದೇವರಿಗೆ ಹೂ ಸಿಗುವುದು ಪಚ್ಚೆ ಬಿಟ್ಟರೆ ಮಾತ್ರ.

ಊರಿನಿಂದ ಕೇಳುವವರಿಗೆ ಒಂದು ಮಾತು. ಕರ್ನಾಟಕದ ಕುರುಚಲು ಕಾಡು, ಹೊಲದ ಬೇಲಿಗಳಲ್ಲಿ ಕಾಣುವ ಗೋಸುಂಬೆ ನಮ್ಮದೇ ಕಾಡುಪ್ರಾಣಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ. ಹಿಡಿಯುವುದು, ಸಾಕುವುದು, ಮಾರುವುದು ಎಲ್ಲವೂ ಅಪರಾಧ. ರಸ್ತೆ ದಾಟುತ್ತಿದ್ದರೆ ಗಾಡಿ ನಿಲ್ಲಿಸಿ ದಾಟಲು ಬಿಡಿ, ಕಲ್ಲು ಹೊಡೆಯುವವರನ್ನು ತಡೆಯಿರಿ. ಈ ಪಂಜರ ಪಂಪು ಯಾವುದೂ ಅದಕ್ಕೆ ಬೇಕಿಲ್ಲ.

ಕೊನೆಯದಾಗಿ ರಜೆಯ ಪ್ರಶ್ನೆ, ಎಲ್ಲರೂ ಕೇಳುವುದು ಇದನ್ನೇ. ನಾವು ಬೆಂಗಳೂರಿಗೆ ಹೋದಾಗ ಮಿಸ್ಟಿಂಗ್, ದೀಪ ಎರಡೂ ಟೈಮರ್ ಮೇಲೆ ಓಡುತ್ತವೆ, ಫಾಗರ್ ಮಾತ್ರ ಆರಿಸಿ ಹೋಗುತ್ತೇವೆ, ಯಾಕೆಂದರೆ ಅದನ್ನು ತೊಳೆಯುವವರು ಇರುವುದಿಲ್ಲ. ಪಕ್ಕದ ಬೀದಿಯ ಗೆಳೆಯರ ಮಗ ದಿನ ಬಿಟ್ಟು ದಿನ ಬಂದು ತಿನ್ನಲು ಹುಳ ಹಾಕುತ್ತಾನೆ. ಅವನಿಗೆ ಬರೆದಿಟ್ಟ ಚೀಟಿಯಲ್ಲಿ ಇಷ್ಟೇ ಇದೆ: ಪಂಪಿನ ಬಕೆಟ್‌ನಲ್ಲಿ ನೀರಿದೆಯಾ ನೋಡು, ಟ್ರೇಯಿಂದ ಇಳಿಯುವ ಕೊಳಕು ನೀರಿನ ಬಕೆಟ್ ಚೆಲ್ಲು, ಹಿಕ್ಕೆಯ ಫೋಟೋ ಕಳಿಸು, ಪಚ್ಚೆಯನ್ನು ಕೈಗೆತ್ತಿಕೊಳ್ಳಬೇಡ.